ಕೆಮ್ಮಿದರೆ, ಸೀನಿದರೆ ಸೋರುವ ಮೂತ್ರ: ಆಪರೇಷನ್ ಇಲ್ಲದ ಸಾಧನಗಳು ಏನು ಮಾಡುತ್ತವೆ?

ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಕಡೆ ಮೆಣಸಿನಕಾಯಿ ಕಣಕ್ಕೆ ಬಂತು ಅಂದರೆ ಸೀನುವ ಕಾಲ ಬಂತು ಅಂತಲೇ ಲೆಕ್ಕ. ರಾಶಿಯ ಮುಂದೆ ಕೂತು ತುಂಬು ಬಿಡಿಸುವ ಹೆಂಗಸರು ಸೆರಗನ್ನು ಮೂಗಿಗೆ ಸುತ್ತಿಕೊಂಡಿರುತ್ತಾರೆ. ಆದರೂ ಘಾಟು ಬಿಡುವುದಿಲ್ಲ. ಒಬ್ಬರು ಸೀನಿದರೆ ಸಾಲಾಗಿ ನಾಲ್ಕು ಜನ ಸೀನುತ್ತಾರೆ. ಅವರಲ್ಲಿ ಯಾರೋ ಒಬ್ಬರು ಸೀನು ಬರುವ ಮುಂಚೆಯೇ ಕೈಯಲ್ಲಿದ್ದ ಕಾಯಿ ಬಿಟ್ಟು, ತೊಡೆ ಬಿಗಿ ಹಿಡಿದುಕೊಳ್ಳುತ್ತಾರೆ. ಯಾಕೆ ಅಂತ ಪಕ್ಕದವರು ಕೇಳುವುದಿಲ್ಲ. "ಸೀನಿದ್ರ ಸಾಕ್ರಿ, ಒಂದೀಟು ಬಂದ ಬಿಡ್ತೈತಿ" ಅನ್ನುವ ಮಾತು ಹೆಂಗಸರ ನಡುವೆ ಹೊಸದೇನಲ್ಲ. ಗಂಡಸರ ಮುಂದೆ, ಡಾಕ್ಟರ ಮುಂದೆ ಮಾತ್ರ ಅದು ಬಾಯಿಗೆ ಬರುವುದಿಲ್ಲ.

ಈಗ ಇದೇ ತೊಂದರೆಗೆ ಫೋನಿನಲ್ಲಿ ಜಾಹೀರಾತು ಬರತೊಡಗಿವೆ. ಸಿಲಿಕೋನ್ ಉಂಗುರ, ಪುಟ್ಟ ತೂಕದ ಗುಂಡು, ಆಪ್‌ಗೆ ಜೋಡಿಸುವ ಮೆಷಿನ್, ಸುಮ್ನೆ ಕೂತರೆ ಸಾಕು ಅನ್ನುವ ಕುರ್ಚಿ, ಲೇಸರ್. ಎಲ್ಲದರ ಮೇಲೂ ಒಂದೇ ಮಾತು: ಆಪರೇಷನ್ ಬೇಡ. ಆದರೆ ಇವು ಒಂದೇ ಕೆಲಸ ಮಾಡುವ ವಸ್ತುಗಳಲ್ಲ. ಕೆಲವು ಒಳಗಿನಿಂದ ಆಸರೆ ಕೊಡುತ್ತವೆ. ಕೆಲವು ಸ್ನಾಯುವಿಗೆ ಕಸರತ್ತು ಮಾಡಿಸುತ್ತವೆ. ಕೆಲವು ಸೋರಿದ್ದನ್ನು ಹೀರುತ್ತವೆ, ಅಷ್ಟೆ. ಯಾವುದು ಯಾವ ಕೆಲಸದ್ದು ಅಂತ ತಿಳಿಯದೆ ದುಡ್ಡು ಹಾಕಿದರೆ ಅದು ಡಬ್ಬಿಯಲ್ಲೇ ಉಳಿಯುತ್ತದೆ.

ಇದು ಯಾವ ಸೋರಿಕೆ?

ಕೆಮ್ಮು, ಸೀನು, ನಗು, ತುಂಬಿದ ಕೊಡ ಎತ್ತುವುದು, ಬಸ್ಸಿನ ಮೆಟ್ಟಿಲಿಂದ ಧಡಕ್ಕನೆ ಇಳಿಯುವುದು. ಇಂಥ ಹೊತ್ತಲ್ಲಿ ಹೊಟ್ಟೆಯೊಳಗೆ ಒತ್ತಡ ಏರುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಹನಿ ಬಿದ್ದರೆ ಅದು ಒತ್ತಡದ ಸೋರಿಕೆ. ಡಾಕ್ಟರ ಚೀಟಿಯಲ್ಲಿ ಸ್ಟ್ರೆಸ್ ಯೂರಿನರಿ ಇನ್‌ಕಾಂಟಿನೆನ್ಸ್ ಅಥವಾ ಎಸ್‌ಯುಐ ಅಂತ ಇರುತ್ತದೆ. ಮನಸ್ಸಿನ ಟೆನ್ಷನ್‌ಗೂ ಇದಕ್ಕೂ ಸಂಬಂಧವಿಲ್ಲ.

ಇನ್ನೊಂದು ಥರ ಇದೆ. ಕೆಮ್ಮಿರುವುದಿಲ್ಲ, ಸೀನಿರುವುದಿಲ್ಲ. ನಲ್ಲಿ ನೀರಿನ ಸದ್ದು ಕೇಳಿದರೆ, ಬೀಗ ತೆಗೆಯುತ್ತಾ ಬಾಗಿಲಲ್ಲಿ ನಿಂತರೆ ಇದ್ದಕ್ಕಿದ್ದ ಹಾಗೆ ಅವಸರವಾಗಿ, ಬಚ್ಚಲು ಮುಟ್ಟುವ ಮೊದಲೇ ಆಗಿಬಿಡುತ್ತದೆ. ಇಲ್ಲಿ ಮೂತ್ರಕೋಶವೇ ಹೊತ್ತಲ್ಲದ ಹೊತ್ತಲ್ಲಿ ಹಿಂಡಿಕೊಳ್ಳುತ್ತಿರುತ್ತದೆ. ಇದಕ್ಕೆ ಅಭ್ಯಾಸ ಬೇರೆ, ಮಾತ್ರೆ ಬೇರೆ. ಈ ಲೇಖನದ ಆಸರೆ ಸಾಧನಗಳು ಇದಕ್ಕಾಗಿ ಮಾಡಿದವಲ್ಲ. ಎರಡೂ ಒಟ್ಟಿಗೆ ಇರುವವರೂ ಉಂಟು.

ಉರಿ ಇದ್ದರೆ ಸೋಂಕಿರಬಹುದು. ಸಕ್ಕರೆ ಕಾಯಿಲೆ ಹಿಡಿತ ತಪ್ಪಿದ್ದರೆ ಮೂತ್ರವೇ ಜಾಸ್ತಿ. ಕಷ್ಟದ ಹೆರಿಗೆ ಅಥವಾ ಆಪರೇಷನ್ ಆದ ಮೇಲೆ ಕೆಮ್ಮು ಇರಲಿ ಬಿಡಲಿ, ಹಗಲೂ ರಾತ್ರಿ ಸೋರುತ್ತಲೇ ಇದ್ದರೆ ಒಳಗೆ ತೂತು ಬಿದ್ದಿರಬಹುದು. ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಅದಕ್ಕೆ ಉಂಗುರವೂ ಬೇಡ, ಕಸರತ್ತೂ ಬೇಡ, ಬೇಗ ದೊಡ್ಡಾಸ್ಪತ್ರೆ ಸೇರಬೇಕು.

ಯಾವ ಥರದ್ದು ಅಂತ ಕಂಡುಹಿಡಿಯಲು ಡಾಕ್ಟರು ಮೊದಲು ಕೇಳುವುದು ಒಂದು ಲೆಕ್ಕದ ಹಾಳೆ. ಮೂರು ದಿನ, ಎಷ್ಟೊತ್ತಿಗೆ ಏನು ಕುಡಿದಿರಿ, ಎಷ್ಟು ಸಲ ಒಂದಕ್ಕೆ ಹೋದಿರಿ, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ. ಓದು ಬಾರದ ಅವ್ವನಿಗೆ ಮಗಳು ಬರೆದುಕೊಟ್ಟರೂ ಆಯಿತು.

ಯಾಕೆ ಸೋರುತ್ತದೆ?

ಮೂತ್ರಕೋಶದಿಂದ ಹೊರಗೆ ಬರುವ ನಾಳ ಹೆಂಗಸರಲ್ಲಿ ತುಂಬಾ ಗಿಡ್ಡ, ಸುಮಾರು 4 ಸೆಂಟಿಮೀಟರ್. ಆ ನಾಳ ಯೋನಿಯ ಮುಂಗೋಡೆಯ ಮೇಲೆ ಒರಗಿಕೊಂಡಿರುತ್ತದೆ. ಅದರ ಕೆಳಗೆ, ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಹಾಸಿದಂತೆ ತಳದ ಸ್ನಾಯುಗಳಿವೆ. ಡಾಕ್ಟರು ಪೆಲ್ವಿಕ್ ಫ್ಲೋರ್ ಅನ್ನುವುದು ಇವನ್ನೇ.

ಗದ್ದೆಗೆ ನೀರು ಬಿಡಲು ಮೋಟಾರಿನ ಮೆತ್ತನೆ ಪೈಪು ಎಳೆದಿರುತ್ತೀರಿ ಅಂದುಕೊಳ್ಳಿ. ಪೈಪು ಗಟ್ಟಿ ಬದುವಿನ ಮೇಲಿದ್ದರೆ ಕಾಲಲ್ಲಿ ಅದುಮಿದರೆ ಸಾಕು, ನೀರು ನಿಲ್ಲುತ್ತದೆ. ಅದೇ ಪೈಪು ನಾಟಿಗೆ ಕಲಸಿದ ಕೆಸರಿನ ಮೇಲಿದ್ದರೆ ಕಾಲಿಟ್ಟಾಗ ಕೆಸರೊಳಗೆ ಹೂತುಕೊಳ್ಳುತ್ತದೆಯೇ ಹೊರತು ಮುಚ್ಚಿಕೊಳ್ಳುವುದಿಲ್ಲ. ನೀರು ಹರಿಯುತ್ತಲೇ ಇರುತ್ತದೆ. ಕೆಮ್ಮಿದಾಗ ಮೇಲಿನಿಂದ ಬೀಳುವ ಒತ್ತಡವೇ ಆ ಕಾಲು. ಕೆಳಗಿನ ಆಸರೆ ಗಟ್ಟಿಯಿದ್ದರೆ ಆ ಒತ್ತಡವೇ ನಾಳವನ್ನು ಮುಚ್ಚಿಸುತ್ತದೆ. ಆಸರೆ ಮೆತ್ತಗಾಗಿದ್ದರೆ ನಾಳ ತೆರೆದುಕೊಂಡು ಹನಿ ಬೀಳುತ್ತದೆ.

ಹಾಗಾದರೆ ಎರಡು ದಾರಿ. ಕೆಳಗಿನ ನೆಲವನ್ನೇ ಗಟ್ಟಿ ಮಾಡುವುದು ಒಂದು, ಅದು ಕಸರತ್ತು. ಪೈಪಿನ ಅಡಿಗೆ ಏನಾದರೂ ಗಟ್ಟಿ ವಸ್ತು ಇಡುವುದು ಇನ್ನೊಂದು, ಅದು ಉಂಗುರ. ಮಾರುಕಟ್ಟೆಯ ಹೆಚ್ಚಿನ ಸಾಧನಗಳು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ.

ನೆಲ ಮೆತ್ತಗಾಗಲು ಕಾರಣ ಹಲವು. ಹೆರಿಗೆಯೇ ಮೊದಲನೆಯದು, ಅದರಲ್ಲೂ ಇಕ್ಕಳ ಹಾಕಿ ತೆಗೆದ ಹೆರಿಗೆ, ದಪ್ಪ ಮಗು. ಸಿಸೇರಿಯನ್ ಆದವರಿಗೆ ಕಡಿಮೆ, ಆದರೆ ಬರುವುದೇ ಇಲ್ಲ ಅನ್ನುವಂತಿಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನು ಕಡಿಮೆಯಾಗಿ ಆ ಭಾಗದ ಚರ್ಮ ತೆಳುವಾಗುತ್ತದೆ. ಮೈ ತೂಕ, ಮಲಬದ್ಧತೆಯಲ್ಲಿ ವರ್ಷಗಟ್ಟಲೆ ಮುಕ್ಕುವುದು, ದಿನಾ ಭಾರ ಹೊರುವುದು, ಒಲೆಯ ಹೊಗೆಗೋ ದೂಳಿಗೋ ಹತ್ತಿದ ಬಿಡದ ಕೆಮ್ಮು, ಇವೂ ಸೇರಿಕೊಳ್ಳುತ್ತವೆ. ಕೆಮ್ಮಿಗೆ ಔಷಧಿ ಮಾಡದೆ ಉಂಗುರ ಮಾತ್ರ ಹಾಕಿದರೆ ಅರ್ಧ ಕೆಲಸ. ತೂಕದ ಬಗ್ಗೆ ಒಂದು ಗಟ್ಟಿ ಪುರಾವೆ ಇದೆ: ಅಮೆರಿಕದಲ್ಲಿ ತೂಕ ಜಾಸ್ತಿಯಿದ್ದ 338 ಹೆಂಗಸರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳಲ್ಲಿ ಸರಾಸರಿ ಶೇ. 8ರಷ್ಟು ತೂಕ ಇಳಿಸಿದ ಗುಂಪಿನಲ್ಲಿ ವಾರದ ಸೋರಿಕೆ ಶೇ. 47ರಷ್ಟು ತಗ್ಗಿತ್ತು.

ಸಾಧನಕ್ಕೂ ಮುಂಚೆ ಕಸರತ್ತು

ದುಡ್ಡು ಖರ್ಚಿಲ್ಲದ ಈ ಉಪಾಯವನ್ನು ಜಾಹೀರಾತು ಹೇಳುವುದಿಲ್ಲ. ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ತಳದ ಸ್ನಾಯುಗಳ ವ್ಯಾಯಾಮದ ಬಗ್ಗೆ ಬರೆದರು. ಅದಕ್ಕೇ ಇವತ್ತಿಗೂ ಕೆಗೆಲ್ ವ್ಯಾಯಾಮ ಅನ್ನುತ್ತಾರೆ.

ನಾಲ್ಕು ಜನರ ನಡುವೆ ಕೂತಾಗ ಗ್ಯಾಸ್ ಹೊರಗೆ ಹೋಗದಂತೆ ಬಿಗಿ ಹಿಡಿಯುತ್ತೀರಲ್ವಾ, ಆ ಸ್ನಾಯುವೇ ಇದು. ಅದನ್ನು ಒಳಕ್ಕೂ ಮೇಲಕ್ಕೂ ಎಳೆದುಕೊಂಡು ಕೆಲವು ಸೆಕೆಂಡು ಹಿಡಿದು, ಪೂರ್ತಿ ಬಿಡಬೇಕು. ಹೊಟ್ಟೆ, ತೊಡೆ, ಕುಂಡಿ ಬಿಗಿಯಬಾರದು. ಉಸಿರು ಕಟ್ಟಬಾರದು. ಒಂದು ಸರದಿಗೆ ಕಡಿಮೆಯೆಂದರೆ 8 ಸಲ, ದಿನಕ್ಕೆ ಮೂರು ಸರದಿ, ಮೂರು ತಿಂಗಳು. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಹೇಳುವ ಲೆಕ್ಕ ಇದು, ಅದೂ ತಿಳಿದವರು ಹೇಳಿಕೊಟ್ಟ ಮೇಲೆ. ಒಂದಕ್ಕೆ ಕೂತಾಗ ಧಾರೆ ನಿಲ್ಲಿಸಿ ದಿನಾ ಅಭ್ಯಾಸ ಮಾಡಬಾರದು. ಹಾಗೆ ಮಾಡಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿದೀತು.

ಎಷ್ಟೋ ಜನ ಎಳೆದುಕೊಳ್ಳುವ ಬದಲು ಕೆಳಕ್ಕೆ ಮುಕ್ಕುತ್ತಾರೆ. ಅದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಅದಕ್ಕೇ ಒಂದು ಸಲವಾದರೂ ಡಾಕ್ಟರಮ್ಮನೋ ಫಿಸಿಯೋಥೆರಪಿಯವರೋ ನೋಡಿ, ಸರಿ ಇದೆ ಅನ್ನಬೇಕು.

ಇದರಲ್ಲೇ ಒಂದು ಚಿಕ್ಕ ಉಪಾಯ ಇದೆ. ಸೀನು ಬರುವ ಸೂಚನೆ ಸಿಕ್ಕ ಕೂಡಲೇ ಆ ಸ್ನಾಯುವನ್ನು ಎಳೆದು ಹಿಡಿಯುವುದು, ಸೀನಿ ಮುಗಿದ ಮೇಲೆ ಬಿಡುವುದು. ಕೊಡ ಎತ್ತುವ ಮೊದಲೂ ಹಾಗೆಯೇ. ಒಂದೇ ವಾರದ ಅಭ್ಯಾಸದಲ್ಲಿ ಕೆಮ್ಮಿನ ಸೋರಿಕೆ ಚೆನ್ನಾಗಿ ತಗ್ಗಿದ್ದನ್ನು 1998ರ ಒಂದು ಅಮೆರಿಕದ ಅಧ್ಯಯನ ತೋರಿಸಿತ್ತು. ಮೆಣಸಿನಕಾಯಿ ರಾಶಿಯ ಮುಂದೆ ತೊಡೆ ಬಿಗಿಯುವ ಅಕ್ಕ ಮಾಡುತ್ತಿರುವುದು ಬಹುಪಾಲು ಇದನ್ನೇ. ಬಿಗಿಯಬೇಕಾದ್ದು ತೊಡೆಯಲ್ಲ, ಅಷ್ಟೆ.

ಆಸರೆ ಕೊಡುವ ಉಂಗುರ

ಇದರ ಹೆಸರು ಪೆಸರಿ. ಗರ್ಭಚೀಲ ಜಾರಿದವರಿಗೆ ಹಾಕುವ ಉಂಗುರದ ಬಗ್ಗೆ ನಮ್ಮಲ್ಲಿ ಹಿರಿಯರು ಕೇಳಿರುತ್ತಾರೆ. ಸೋರಿಕೆಗೆ ಬಳಸುವುದು ಅದರದೇ ಒಂದು ಬಗೆ. ಬಾಗುವ ಮೆಡಿಕಲ್ ಸಿಲಿಕೋನ್‌ನ ಉಂಗುರ, ಅದರ ಒಂದು ಕಡೆ ದಪ್ಪ ಗುಬುಟು. ಉಂಗುರ ಯೋನಿಯೊಳಗೆ ಅಡ್ಡ ಕೂರುತ್ತದೆ. ಗುಬುಟು ಮುಂದಕ್ಕೆ ಬಂದು ಮೂತ್ರನಾಳದ ಅಡಿಗೆ ನಿಲ್ಲುತ್ತದೆ. ಕೆಮ್ಮಿದಾಗ ನಾಳ ಕೆಳಕ್ಕೆ ಜಾರದೆ ಆ ಗುಬುಟಿಗೆ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ. ಕೆಸರಿನ ಪೈಪಿನ ಅಡಿಗೆ ಕಲ್ಲಿಟ್ಟಂತೆ.

ಒಬ್ಬರ ಅಳತೆ ಇನ್ನೊಬ್ಬರಿಗೆ ಆಗುವುದಿಲ್ಲ. ಅದಕ್ಕೇ ಇದನ್ನು ಫೋನಿನಲ್ಲಿ ಅಂದಾಜಿಗೆ ತರಿಸಿ ಹಾಕಿಕೊಳ್ಳುವುದು ತಪ್ಪು. ಡಾಕ್ಟರು ಒಂದಕ್ಕೆ ಹೋಗಿ ಬರಲು ಹೇಳುತ್ತಾರೆ. ಬೆರಳಲ್ಲಿ ಒಳಗಿನ ಅಳತೆ ನೋಡುತ್ತಾರೆ. ಜೆಲ್ ಸವರಿ, ಉಂಗುರವನ್ನು ಮಡಚಿ ಒಳಗೆ ಸರಿಸಿ ಬಿಡುತ್ತಾರೆ, ಅದು ತಾನೇ ಬಿಚ್ಚಿಕೊಳ್ಳುತ್ತದೆ. ಉಂಗುರಕ್ಕೂ ಯೋನಿಯ ಗೋಡೆಗೂ ನಡುವೆ ಒಂದು ಬೆರಳು ಸುಲಭವಾಗಿ ಆಡುವಂತಿರಬೇಕು. ಆಮೇಲೆ ಕೆಮ್ಮಿ ಅನ್ನುತ್ತಾರೆ, ಓಡಾಡಿ ಅನ್ನುತ್ತಾರೆ, ಕುಕ್ಕರಗಾಲಲ್ಲಿ ಕೂತು ಎದ್ದು ನೋಡಿ ಅನ್ನುತ್ತಾರೆ. ಕೊನೆಗೆ ಮೂತ್ರ ಮಾಡಿ ಬರಬೇಕು. ಉಂಗುರ ಹಾಕಿಕೊಂಡು ಮೂತ್ರ ಬಾರದಿದ್ದರೆ ಅಳತೆ ದೊಡ್ಡದಾಯಿತು. ಬಿದ್ದುಹೋದರೆ ಚಿಕ್ಕದಾಯಿತು. ಸರಿಯಾಗಿ ಕೂತರೆ ಒಳಗೆ ಏನೋ ಇದೆ ಅಂತ ಅನ್ನಿಸಲೇಬಾರದು. ಮೊದಲ ಸಲವೇ ಅಳತೆ ಕೂಡಿಬರುತ್ತದೆ ಅನ್ನುವಂತಿಲ್ಲ, ಎರಡು ಮೂರು ಬದಲಾಯಿಸಬೇಕಾದೀತು.

ನಮ್ಮ ಕಡೆಯವರಿಗೆ ಒಂದು ಮುಖ್ಯ ವಿಷಯ. ಕುಕ್ಕರಗಾಲಲ್ಲಿ ಕೂತು ಮುಕ್ಕಿದಾಗ ಉಂಗುರ ಕೆಳಕ್ಕೆ ಜಾರಬಹುದು. ಎರಡಕ್ಕೆ ಕೂತಾಗ ಬೆರಳಲ್ಲಿ ಆಸರೆ ಕೊಡಬಹುದು, ಎದ್ದ ಮೇಲೆ ಇದೆಯೋ ಇಲ್ಲವೋ ನೋಡಿಕೊಳ್ಳಬೇಕು. ಮಲಬದ್ಧತೆ ಇದ್ದರೆ ಮೊದಲು ಅದಕ್ಕೆ ದಾರಿ ಮಾಡಬೇಕು.

ಉಂಗುರವನ್ನು ತಾವೇ ತೆಗೆದು, ಸೋಪು ನೀರಲ್ಲಿ ತೊಳೆದು, ಮತ್ತೆ ಹಾಕಿಕೊಳ್ಳಲು ಕಲಿಯಬಹುದು. ಕೆಲವರು ವಾರಕ್ಕೊಮ್ಮೆ ರಾತ್ರಿ ತೆಗೆದಿಡುತ್ತಾರೆ. ಕೆಲವರು ನಾಟಿಗೋ ಜಾತ್ರೆಗೋ ಹೋಗುವ ದಿನ ಮಾತ್ರ ಹಾಕಿಕೊಳ್ಳುತ್ತಾರೆ, ಅದೂ ಸರಿಯೇ. ಮುಟ್ಟಿನ ದಿನಗಳಲ್ಲಿ, ಗಂಡನ ಜೊತೆ ಸೇರುವಾಗ ತೆಗೆದಿಡಬಹುದು. ತೆಗೆಯಲು ಬಾರದವರು ಸುಮಾರು ಮೂರು ತಿಂಗಳಿಗೊಮ್ಮೆಯಾದರೂ ಆಸ್ಪತ್ರೆಗೆ ಹೋಗಿ ತೆಗೆಸಿ, ಒಳಗೆ ಹುಣ್ಣಾಗಿದೆಯೇ ನೋಡಿಸಬೇಕು.

ಬಿಳಿ ಹೋಗುವುದು ಸ್ವಲ್ಪ ಜಾಸ್ತಿಯಾಗುವುದು ಸಾಮಾನ್ಯ. ವಾಸನೆ, ರಕ್ತ, ನೋವು ಬಂದರೆ ತಡ ಮಾಡಬಾರದು. ಮುಟ್ಟು ನಿಂತವರಿಗೆ ಒಳಚರ್ಮ ತೆಳುವಾಗಿ ಉಜ್ಜಿ ಗಾಯವಾಗುತ್ತದೆ ಅಂತ ಡಾಕ್ಟರು ಈಸ್ಟ್ರೋಜನ್ ಅನ್ನುವ ಹಾರ್ಮೋನಿನ ಕ್ರೀಮು ಬರೆದುಕೊಡುವುದುಂಟು. ಹಾಕಿಸಿಕೊಂಡು ವರ್ಷಗಟ್ಟಲೆ ಮರೆತುಬಿಟ್ಟರೆ ಮಾತ್ರ ಅಪಾಯ. ಅಪರೂಪಕ್ಕೆ ಅದು ಗೋಡೆ ಕೊರೆದು ತೂತು ಮಾಡಿದ್ದೂ ಇದೆ. ಹಾಗಾಗಿ ಅಜ್ಜಿಗೆ ಉಂಗುರ ಹಾಕಿಸಿದರೆ ಮುಂದಿನ ತಾರೀಖು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಸೋಂಕು ಇರುವವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಮೊದಲು ಅದರ ಚಿಕಿತ್ಸೆ, ಆಮೇಲೆ ಉಂಗುರ.

ಉಂಗುರ ಒಳ್ಳೆಯದೋ ಕಸರತ್ತು ಒಳ್ಳೆಯದೋ? ಇದನ್ನೇ ಅಮೆರಿಕದಲ್ಲಿ 446 ಹೆಂಗಸರ ಮೇಲೆ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಮೂರು ತಿಂಗಳ ಹೊತ್ತಿಗೆ "ತುಂಬಾ ಸುಧಾರಿಸಿದೆ" ಅಂದವರು ಉಂಗುರದ ಗುಂಪಿನಲ್ಲಿ ಶೇ. 40, ಕಸರತ್ತಿನ ಗುಂಪಿನಲ್ಲಿ ಶೇ. 49. ಕಾಡುವ ಸೋರಿಕೆ ಇಲ್ಲವೇ ಇಲ್ಲ ಅಂದವರೂ ಕಸರತ್ತಿನ ಗುಂಪಿನಲ್ಲೇ ಜಾಸ್ತಿ. ಒಂದು ವರ್ಷದ ಹೊತ್ತಿಗೆ ಆ ವ್ಯತ್ಯಾಸ ಉಳಿಯಲಿಲ್ಲ. ನನಗನ್ನಿಸುವಂತೆ ಅವೆರಡನ್ನೂ ಪೈಪೋಟಿಗೆ ನಿಲ್ಲಿಸುವುದೇ ಸರಿಯಲ್ಲ. ಕಸರತ್ತಿಗೆ ತಿಂಗಳುಗಳು ಬೇಕು. ಉಂಗುರ ಹಾಕಿದ ದಿನವೇ ಕೆಲಸ ಶುರು ಮಾಡುತ್ತದೆ, ತೆಗೆದ ದಿನ ನಿಲ್ಲಿಸುತ್ತದೆ. ಒಂದರ ಜೊತೆ ಇನ್ನೊಂದು ನಡೆಯಬಹುದು.

ಇದೇ ತತ್ವದ, ಒಮ್ಮೆ ಬಳಸಿ ಬಿಸಾಡುವ ಸಾಧನಗಳೂ ಹೊರದೇಶಗಳಲ್ಲಿವೆ. ಅಮೆರಿಕದ ಇಂಪ್ರೆಸ್ಸಾ ಅಂಥದ್ದು. ನೋಡಲು ಮುಟ್ಟಿನಲ್ಲಿ ಒಳಗೆ ಇಟ್ಟುಕೊಳ್ಳುವ ಟ್ಯಾಂಪೂನಿನ ಹಾಗಿದ್ದರೂ ಅದು ಏನನ್ನೂ ಹೀರುವುದಿಲ್ಲ, ಒಳಗಿನಿಂದ ಒತ್ತಿ ಹಿಡಿಯುತ್ತದೆ.

ಕಸರತ್ತು ಮಾಡಿಸುವ ಸಾಧನಗಳು

ಯೋನಿಯೊಳಗೆ ಇಟ್ಟುಕೊಳ್ಳುವ ತೂಕದ ಕೋನುಗಳು 1980ರ ದಶಕದಿಂದ ಇವೆ. ಜಾರಿ ಬೀಳದಂತೆ ಹಿಡಿಯಲು ಸ್ನಾಯು ತಾನೇ ಬಿಗಿಯುತ್ತದೆ, ಕ್ರಮೇಣ ತೂಕ ಏರಿಸುತ್ತಾರೆ. ಏನೂ ಮಾಡದೆ ಇರುವುದಕ್ಕಿಂತ ಮೇಲು. ಬರೀ ಕಸರತ್ತಿಗಿಂತ ಮೇಲು ಅನ್ನಲು ಪುರಾವೆ ಸಾಲದು.

ಬಯೋಫೀಡ್‌ಬ್ಯಾಕ್ ಅನ್ನುವುದು ಕಲಿಸುವ ಸಾಧನ. ಒಳಗೆ ಇಟ್ಟ ಸಣ್ಣ ಕಡ್ಡಿ ನೀವು ಎಷ್ಟು ಬಿಗಿದಿರಿ ಅಂತ ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಆಪ್‌ಗೆ ಜೋಡಿಸುವ ಹೊಸ ಮೆಷಿನ್‌ಗಳೂ ಇದೇ ಜಾತಿ. ಸರಿಯಾದ ಸ್ನಾಯು ಸಿಗುತ್ತಿಲ್ಲ ಅನ್ನುವವರಿಗೆ ಉಪಯೋಗ ಆಗಬಹುದು. ಆದರೆ ಬ್ರಿಟನ್ನಿನಲ್ಲಿ 600 ಹೆಂಗಸರನ್ನು ಎರಡು ವರ್ಷ ಗಮನಿಸಿ 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಚೆನ್ನಾಗಿ ಹೇಳಿಕೊಟ್ಟ ಕಸರತ್ತಿಗೆ ಈ ಮೆಷಿನ್ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಅಂದರೆ ಇದು ಬೇಕೇ ಬೇಕು ಅನ್ನುವ ವಸ್ತುವಲ್ಲ.

ಸಣ್ಣ ಕರೆಂಟು ಹರಿಸಿ ಸ್ನಾಯುವನ್ನು ಬಿಗಿಸುವ ಮೆಷಿನ್ ಇದೆ. ಎಷ್ಟು ಹೇಳಿಕೊಟ್ಟರೂ ಸ್ನಾಯು ಅಲುಗಾಡಿಸಲೇ ಬಾರದವರಿಗೆ ಶುರುವಿನಲ್ಲಿ ಇದನ್ನು ಬಳಸುತ್ತಾರೆ. ಬಸುರಿಯರಿಗೆ, ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಬೇಡ. ಅಯಸ್ಕಾಂತದ ಬಲದಿಂದ ಸ್ನಾಯುವನ್ನು ಬಿಗಿಸುವ ಕುರ್ಚಿಯಲ್ಲಿ ಬಟ್ಟೆ ತೆಗೆಯದೆ ಕೂರಬಹುದು ಅನ್ನುವುದು ನಿಜವೇ. ಆದರೆ ಅಧ್ಯಯನಗಳ ಉತ್ತರ ಒಂದಕ್ಕೊಂದು ಹೊಂದುವುದಿಲ್ಲ. ಪೇಸ್‌ಮೇಕರ್ ಇರುವವರು ಇದರ ಹತ್ತಿರವೂ ಹೋಗಬಾರದು, ಸೊಂಟದ ಸುತ್ತ ಲೋಹದ ಪ್ಲೇಟು ಇರುವವರು ಮೊದಲೇ ಹೇಳಬೇಕು.

ಪ್ಯಾಡು, ಬಿಸಿಲು ಮತ್ತು ನೀರು

ಪ್ಯಾಡು ಚಿಕಿತ್ಸೆಯಲ್ಲ, ಆದರೆ ಮಾನ ಕಾಯುತ್ತದೆ. ಮುಟ್ಟಿನ ಪ್ಯಾಡು ಬೇರೆ, ಮೂತ್ರದ ಪ್ಯಾಡು ಬೇರೆ. ಮುಟ್ಟಿನದು ನಿಧಾನಕ್ಕೆ ಬರುವ ರಕ್ತಕ್ಕೆ ಮಾಡಿದ್ದು, ಒಮ್ಮೆಲೇ ಬರುವ ಮೂತ್ರವನ್ನು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಒದ್ದೆ ಪ್ಯಾಡೋ ಒದ್ದೆ ಬಟ್ಟೆಯೋ ದಿನವಿಡೀ ಇದ್ದರೆ ತೊಡೆಸಂದಿ ಕೆಂಪಾಗಿ, ತುರಿಸಿ, ಸುಲಿದುಹೋಗುತ್ತದೆ. ಒದ್ದೆಯಾದ ಕೂಡಲೇ ಬದಲಿಸುವುದು, ಬರೀ ನೀರಲ್ಲಿ ತೊಳೆದು ಒರೆಸಿ ಒಣಗಿಸುವುದು, ಇಷ್ಟು ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ. ಗದ್ದೆಯಲ್ಲಿ, ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಬದಲಿಸಲು ಜಾಗ ಎಲ್ಲಿ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಕೆಲಸಕ್ಕೆ ಹೋಗುವವರಿಗೆ ಉಂಗುರ ಹೆಚ್ಚು ಒಗ್ಗುವುದು ಇದೇ ಕಾರಣಕ್ಕೆ.

ಸೋರುತ್ತದೆ ಅಂತ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ, ಸೋಂಕು ಬರುತ್ತದೆ, ಮಲ ಗಟ್ಟಿಯಾಗುತ್ತದೆ. ಮಲ ಗಟ್ಟಿಯಾದರೆ ಮುಕ್ಕಬೇಕು, ಮುಕ್ಕಿದರೆ ತಳ ಇನ್ನೂ ಸಡಿಲ. ಕಡಿಮೆ ಮಾಡುವುದಾದರೆ ಚಹಾ ಕಡಿಮೆ ಮಾಡಿ.

ಯಾವುದಕ್ಕೆ ಹುಷಾರಾಗಿರಬೇಕು

ಲೇಸರ್ ಮತ್ತು ಬಿಸಿ ಮಾಡುವ ಮೆಷಿನ್‌ಗಳಿಂದ ಯೋನಿಯನ್ನು ಬಿಗಿ ಮಾಡಿ ಸೋರಿಕೆ ನಿಲ್ಲಿಸುತ್ತೇವೆ ಅನ್ನುವ ಜಾಹೀರಾತು ತುಂಬಾ ಇವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈನಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಸುಟ್ಟ ಗಾಯ, ಕಲೆಗಟ್ಟುವುದು, ಸೇರುವಾಗ ನೋವು, ಬಿಡದ ನೋವು ಆಗಬಹುದು ಎಂದಿತು. ಆಪರೇಷನ್ ಅಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ.

ಮೂತ್ರನಾಳದೊಳಗೇ ತೂರಿಸುವ ಸಣ್ಣ ಬೆಣೆಗಳೂ ಬಂದಿದ್ದವು. ಸೋಂಕಿನ ಕಾಟದಿಂದ ಅವುಗಳ ಬಳಕೆ ಬೆಳೆಯಲಿಲ್ಲ. ಮನೆಯಲ್ಲಿ ಸಿಕ್ಕ ಬಟ್ಟೆ, ಹತ್ತಿ, ಪ್ಲಾಸ್ಟಿಕ್ ವಸ್ತುವನ್ನು ಒಳಗೆ ಇಟ್ಟುಕೊಳ್ಳುವುದು ಖಂಡಿತ ಬೇಡ.

ಇನ್ನೊಂದು ಮಾತು ಸಾಧನಕ್ಕೆ ಸೇರಿದ್ದಲ್ಲ, ಆದರೂ ಹೇಳಲೇಬೇಕು. ಗರ್ಭಚೀಲ ತೆಗೆಸಿದರೆ ಕೆಮ್ಮಿನ ಸೋರಿಕೆ ನಿಲ್ಲುವುದಿಲ್ಲ. ಸೋರಿಕೆ ಬರುವುದು ಗರ್ಭಚೀಲದಿಂದಲ್ಲ, ಮೂತ್ರನಾಳದ ಆಸರೆ ಸಡಿಲವಾಗಿದ್ದರಿಂದ. ಇದೊಂದೇ ಕಾರಣಕ್ಕೆ ಗರ್ಭಚೀಲ ತೆಗೆಸಿ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರ ಹತ್ತಿರ ತೋರಿಸಿ.

ಎಲ್ಲಿ ತೋರಿಸಬೇಕು, ಹೇಗೆ ಹೋಗಬೇಕು

ಸ್ತ್ರೀರೋಗ ವಿಭಾಗಕ್ಕೆ ಹೋಗಬೇಕು. ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜು, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಇವೆ. ಊರಿನ ಆಶಾ ಅಕ್ಕನಿಗೆ ಮೊದಲು ಹೇಳಿದರೆ ಜೊತೆಗೆ ಬರಲೂಬಹುದು. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ "ಕೆಮ್ಮಿದರೆ ಮೂತ್ರ ಸೋರುತ್ತದೆ" ಅಂತ ಚೀಟಿಯಲ್ಲಿ ಬರೆದು ಕೊಡಿ, ಡಾಕ್ಟರಿಗೆ ಅಷ್ಟು ಸಾಕು. ಮೂರು ದಿನದ ಲೆಕ್ಕದ ಹಾಳೆ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಉಂಗುರ ಹಾಕುತ್ತಾರೆಯೇ, ಅಳತೆ ಸರಿಹೋಗದಿದ್ದರೆ ಬದಲಾಯಿಸಿ ಕೊಡುತ್ತಾರೆಯೇ, ಕಸರತ್ತನ್ನು ಯಾರು ಹೇಳಿಕೊಡುತ್ತಾರೆ ಅಂತ ಕೇಳಿ.

ಪರೀಕ್ಷೆಯ ಮೇಜಿನ ಮೇಲೆ ಕೆಮ್ಮಿಸಿ, ಆಗಲೇ ಹನಿ ಬೀಳುತ್ತದೆಯೇ ಅಂತ ಡಾಕ್ಟರು ಕಣ್ಣಾರೆ ನೋಡುತ್ತಾರೆ. ಅದಕ್ಕೆ ಮೂತ್ರಕೋಶದಲ್ಲಿ ಮೂತ್ರ ಇರಬೇಕು. ಎಲ್ಲರ ಮುಂದೆ ಸೋರಿಬಿಟ್ಟೀತು ಅನ್ನುವ ಹೆದರಿಕೆಗೆ ಬಹಳ ಜನ ಸರದಿ ಬರುವ ಮೊದಲು ಒಂದಕ್ಕೆ ಹೋಗಿ ಬಂದುಬಿಡುತ್ತಾರೆ, ಆಮೇಲೆ ಎಷ್ಟು ಕೆಮ್ಮಿದರೂ ಏನೂ ಕಾಣುವುದಿಲ್ಲ. ಒಂದು ಪ್ಯಾಡು ಹಾಕಿಕೊಂಡು, ಹೊಟ್ಟೆ ನೋಯದಷ್ಟು ಮೂತ್ರ ತುಂಬಿಕೊಂಡೇ ಒಳಗೆ ಹೋಗಿ. ಉಂಗುರದ ಅಳತೆ ನೋಡುವ ಮುಂಚೆ ಅವರೇ ಹೋಗಿ ಬನ್ನಿ ಅನ್ನುತ್ತಾರೆ.